ಗಣಕಯಂತ್ರ ಕೊಡುವ ಹಿಂಬರಹ

ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ಹಾಗಿರುವಾಗ ಜಗಲಿಯ ಮೂಲೆಯ ಕಂಪ್ಯೂಟರಿಗೆ ಕಾಯಿಲೆ ಬಂದರೆ ಆಶ್ಚರ್ಯವೇನಿಲ್ಲ. ಆಶ್ಚರ್ಯ ಹುಟ್ಟಿಸುವುದು ಅದು ತನ್ನ ಕಾಯಿಲೆಯನ್ನು ಹೇಳಿಕೊಳ್ಳುವ ಭಾಷೆ. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಹಿಂಬರಹ ಪಡೆದವರಿಗೆ ಮಾತ್ರ ಅದು ಪರಿಚಿತವೆನಿಸೀತು: ಕೆಲಸ ಆಗಿಲ್ಲವೆಂಬುದು ಸ್ಪಷ್ಟ, ಏಕೆ ಆಗಿಲ್ಲವೆಂಬುದು ಗುಟ್ಟು, ಕೊನೆಯಲ್ಲಿ ಸಂಬಂಧಪಟ್ಟವರನ್ನು ಸಂಪರ್ಕಿಸತಕ್ಕದ್ದೆಂಬ ಷರಾ.

ಮನೆಯ ಯಜಮಾನರು ಅಡಿಕೆ ಲೆಕ್ಕದ ಹಳೆಯ ಕಡತವೊಂದನ್ನು ತೆರೆಯಹೋದರೆ 0ಎಕ್ಸ್80070005 ಎಂಬ ಸಂಖ್ಯೆ ಎದುರು ನಿಲ್ಲುತ್ತದೆ. ಬಿಡಿಸಿ ಓದಿದರೆ, ಮೊದಲಿನ 8 ವೈಫಲ್ಯದ ಗುರುತು. ನಡುವಿನ 7, ದೋಷವು ವಿಂಡೋಸ್‌ನ ವಿನ್32 ಎಂಬ ವಿಭಾಗದಿಂದ ಬಂದಿದೆಯೆಂಬ ಸೂಚನೆ. ಕೊನೆಯ 5 ಎಂದರೆ ಅನುಮತಿ ಇಲ್ಲ. ಸರ್ವೆ ನಂಬರು, ಹಿಸ್ಸಾ ನಂಬರು ಓದಿ ಪಳಗಿದವರು ಇದನ್ನೂ ಕಲಿತಾರು. ಆದರೆ ಎರಡು ಪದಗಳ ನಿರಾಕರಣೆಗೆ ಎಂಟು ಅಂಕಿಗಳ ಮುಸುಕೇಕೆ? ಅದರ ಕೆಳಗೆ, ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂಬ ಸಲಹೆ. ಸೆಟ್ಟಿಂಗ್ಸ್ ತೆರೆದು ನೋಡಿದರೆ ಆ ಮಹನೀಯರು ಯಜಮಾನರೇ. ಅರ್ಜಿದಾರರೂ ಅವರೇ, ಅಧಿಕಾರಿಯೂ ಅವರೇ. ಅನುಮತಿ ಮಾತ್ರ ಇಲ್ಲ. (ಪಾಲುಪಟ್ಟಿಯಾಗದ ಕೂಡುಕುಟುಂಬದಲ್ಲಿ ಇದು ಹೊಸತೇನಲ್ಲ.)

2012ರ ವಿಂಡೋಸ್ 8ರಲ್ಲಿ, ಯಂತ್ರ ಪೂರ್ತಿ ಕೈಕೊಟ್ಟಾಗ ಮೂಡುವ ನೀಲಿ ಪರದೆಯ ಮೇಲೆ ಅಳುಮುಖವೊಂದು ಸೇರಿತು. 2016ರಲ್ಲಿ ಅದರ ಜೊತೆಗೆ ಕ್ಯೂಆರ್ ಕೋಡ್ ಬಂತು. ಯಂತ್ರ ಕೆಟ್ಟರೇನು, ಮೊಬೈಲಿದೆಯಲ್ಲ ಎಂಬುದು ಇದರ ಹಿಂದಿನ ತರ್ಕ. ಮೊಬೈಲಿದೆ, ನಿಜ, ನೆಟ್‌ವರ್ಕ್ ಇರುವುದು ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ. ಕೋಡಿನ ಚಿತ್ರ ತೆಗೆದುಕೊಂಡು, ಕಂಬಳಿಕೊಪ್ಪೆ ಹೊದ್ದು, ಇಂಬಳ ಕಿತ್ತೆಸೆಯುತ್ತಾ ಗುಡ್ಡ ಹತ್ತಿದವರಿಗೆ ಅಲ್ಲಿ ತೆರೆದುಕೊಳ್ಳುವುದು ಎಲ್ಲ ರೋಗಿಗಳಿಗೂ ಒಂದೇ ಕಷಾಯ ಬರೆದುಕೊಡುವ ಸಾಮಾನ್ಯ ಪುಟ. ಇಳಿದು ಬರುವಷ್ಟರಲ್ಲಿ ಯಂತ್ರ ತಾನಾಗಿಯೇ ಮರುಪ್ರಾರಂಭಗೊಂಡು ಮತ್ತೆ ಅಳುತ್ತಿರುತ್ತದೆ.

ಇವೆಲ್ಲವನ್ನೂ ಮೀರಿಸುವ ಸಂದೇಶ ಇನ್ನೊಂದಿದೆ. ವಿಂಡೋಸ್‌ನ ದೋಷಗಳ ಅಧಿಕೃತ ಪಟ್ಟಿಯಲ್ಲಿ ಸೊನ್ನೆಯ ಹೆಸರು ‘ಎರರ್ ಸಕ್ಸೆಸ್’, ಅಂದರೆ ಯಶಸ್ಸೆಂಬ ದೋಷ! ಹೀಗಾಗಿ, ಯಾವುದೋ ತಂತ್ರಾಂಶ ಎಡವಿಬಿದ್ದು ತಪ್ಪು ಸಂಖ್ಯೆ ಕೈಗೆತ್ತಿಕೊಂಡಾಗ, ಕೆಂಪು ಕತ್ತರಿ ಗುರುತಿನ ಪಕ್ಕದಲ್ಲಿ ‘ಕಾರ್ಯಾಚರಣೆ ಯಶಸ್ವಿಯಾಗಿ ಪೂರ್ಣಗೊಂಡಿದೆ’ ಎಂದು ಪ್ರಕಟವಾಗುವುದುಂಟು. ಇಷ್ಟು ಪ್ರಾಮಾಣಿಕವಾಗಿ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವ ಧೈರ್ಯ ನಮ್ಮ ರಸ್ತೆ ಕಾಮಗಾರಿಯ ಫಲಕಗಳಿಗೂ ಬಂದಿಲ್ಲ.

ಕೊನೆಗೆ ಪಕ್ಕದ ಮನೆಯ ಮಾಣಿ ಬಂದ. ಕರೆಂಟಿನ ವೈರು ಕಿತ್ತು, ಡಬ್ಬಿ ಬಿಚ್ಚಿ, ರ‍್ಯಾಮ್ ಎಂಬ ನೆನಪಿನ ಪಟ್ಟಿ ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಮೊಮ್ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದ. ನೀಲಿ ಪರದೆ ಮಾಯವಾಯಿತು.

“ಥಂಡಿ ಹಿಡಿದಿತ್ತು ಮಾವಯ್ಯ,” ಎಂದ.

ಇದಕ್ಕೆ ದೋಷಗಳ ಪಟ್ಟಿಯಲ್ಲಿ ಯಾವ ಸಂಖ್ಯೆಯಿದೆಯೆಂದು ಯಜಮಾನರು ಹುಡುಕತೊಡಗಿದಾಗ ಕರೆಂಟು ಹೋಯಿತು.