ಜರ್ಮನಿಯ ಚರ್ಚು, ನಮ್ಮ ಮಠ, ನಡುವೆ ಸರ್ಕಾರ

ಯುಗಾದಿ ಊಟಕ್ಕೆ ಸೇರಿದಾಗ ಸ್ಟುಟ್‌ಗಾರ್ಟ್ ಕಡೆಯ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ. ಊರಲ್ಲಿ ಬಜೆಟ್ ಮಂಡನೆಯಾಗಿ ಒಂದಿಷ್ಟು ದಿನ ಆಗಿರುತ್ತದೆ. ಯಾವ ಮಠಕ್ಕೆ ಎಷ್ಟು ಕೋಟಿ ಅಂತ ಯಾರೋ ಫೋನ್ ನೋಡಿ ಓದುತ್ತಾರೆ. ಆಗ ಇನ್ನೊಬ್ಬರು, ಸಾಮಾನ್ಯವಾಗಿ ಬಂದು ವರ್ಷ ತುಂಬದವರು, "ಇಲ್ಲಿ ನೋಡ್ರಿ, ಧರ್ಮ ಬೇರೆ, ಸರ್ಕಾರ ಬೇರೆ. ಅದಕ್ಕೇ ಇವರು ಮುಂದೆ ಬಂದಿದ್ದು" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ನಾನು ಹೇಳುವುದು ಇಷ್ಟೇ: ನಿಮ್ಮ ಜರ್ಮನ್ ಸಹೋದ್ಯೋಗಿಯ ಸಂಬಳದ ಚೀಟಿ ಒಮ್ಮೆ ನೋಡಿ.

ಅದರಲ್ಲಿ ಕಿರ್ಷೆನ್‌ಸ್ಟೊಯರ್ ಅಂತ ಒಂದು ಸಾಲು ಇರುತ್ತದೆ. ಅಂದರೆ ಚರ್ಚ್ ತೆರಿಗೆ. ನಮ್ಮಂಥವರಿಗೆ ಅಲ್ಲಿ ಸೊನ್ನೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಚರ್ಚಿನ ಸದಸ್ಯರಾದವರಿಗೆ ಆದಾಯ ತೆರಿಗೆಯ ನೂರಕ್ಕೆ 8ರಷ್ಟು ಮೇಲಿಂದ ಬೀಳುತ್ತದೆ. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ಮತ್ತು ಬವೇರಿಯಾದಲ್ಲಿ 8, ಉಳಿದ ರಾಜ್ಯಗಳಲ್ಲಿ 9. ತಿಂಗಳಿಗೆ 500 ಯೂರೋ ಆದಾಯ ತೆರಿಗೆ ಕಟ್ಟುವವರು ಇಲ್ಲಿ ಚರ್ಚಿಗೆ 40 ಯೂರೋ ಕೊಟ್ಟಂತೆ. ವಸೂಲಿ ಮಾಡುವುದು ಸರ್ಕಾರದ ತೆರಿಗೆ ಕಚೇರಿ. ಆ ಕೆಲಸಕ್ಕೆ ಚರ್ಚು ಸರ್ಕಾರಕ್ಕೆ ಕೂಲಿ ಕೊಡುತ್ತದೆ. ಹೊಸ ಊರಿಗೆ ಬಂದು ವಿಳಾಸ ನೋಂದಾಯಿಸುವಾಗ ಫಾರ್ಮಿನಲ್ಲಿ ಧರ್ಮ ಕೇಳುವುದು ಇದಕ್ಕೇ. ತೆರಿಗೆ ಬೇಡ ಅಂದರೆ ಸರ್ಕಾರಿ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಚರ್ಚಿನಿಂದ ಹೊರಬರಬೇಕು. ದೇವರ ಜೊತೆಗಿನ ಲೆಕ್ಕ ಚುಕ್ತಾ ಮಾಡಲೂ ಗುಮಾಸ್ತರ ಸೀಲು ಬೇಕು ಅನ್ನೋದು ನನಗೆ ಇವತ್ತಿಗೂ ತಮಾಷೆಯೇ.

ಹಾಗಂತ ಇಲ್ಲಿ ಸರ್ಕಾರಿ ಧರ್ಮ ಇಲ್ಲ. ರಾಜ್ಯಕ್ಕೆ ತನ್ನದೇ ಆದ ಚರ್ಚು ಇರುವುದಿಲ್ಲ ಅಂತ 1919ರ ವೈಮರ್ ಸಂವಿಧಾನ ಹೇಳಿತು. 1949ರ ಸಂವಿಧಾನ ಆ ಕಲಮನ್ನು ಹಾಗೇ ಎತ್ತಿಕೊಂಡಿತು. ಇಬ್ಬರೂ ಬೇರೆ ಬೇರೆ ಅನ್ನುವುದು ನಿಜ. ಆದರೆ ಜನರಿಗೆ ಬೇಕಾದ ಕೆಲಸಗಳಲ್ಲಿ ಇಬ್ಬರೂ ಎಷ್ಟು ಸೇರಿಕೊಂಡಿದ್ದಾರೆ ಅಂದರೆ, ಯಾರ ಕೆಲಸ ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯುವುದು ಕಷ್ಟ.

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಒಬ್ಬರೇ. ಬೆಳಿಗ್ಗೆ ಏಳರ ಹೊತ್ತಿಗೆ ಕೆಳಗೆ ಒಂದು ಸಣ್ಣ ಕಾರು ಬಂದು ನಿಲ್ಲುತ್ತದೆ. ಬಾಗಿಲ ಮೇಲೆ ಡಿಯಾಕೊನಿಯ ಗುರುತು, ಕಿರೀಟ ಹೊತ್ತ ಶಿಲುಬೆ. ಪ್ರೊಟೆಸ್ಟೆಂಟ್ ಚರ್ಚುಗಳ ಸೇವಾ ಸಂಸ್ಥೆ ಅದು. ನರ್ಸ್ ಓಡಿಕೊಂಡು ಮೆಟ್ಟಿಲು ಹತ್ತುತ್ತಾರೆ. ಅಜ್ಜಿಯ ಊದಿದ ಕಾಲಿಗೆ ಬಿಗಿ ಕಾಲುಚೀಲ ಏರಿಸಬೇಕು. ಅದು ಸುಮ್ನೆ ಕಾಲುಚೀಲ ಅಲ್ಲ, ರಬ್ಬರ್ ಗ್ಲೌಸ್ ಹಾಕಿಕೊಂಡು ಇಂಚಿಂಚೇ ಎಳೆಯಬೇಕಾದದ್ದು. ಮಾತ್ರೆ ಕೊಟ್ಟು, ಫೈಲಿನಲ್ಲಿ ಸಹಿ ಹಾಕಿ, ಎರಡು ಮಾತಾಡಿ ಇಳಿದುಬಿಡುತ್ತಾರೆ. ಮುಂದಿನ ಮನೆ ಕಾಯುತ್ತಿರುತ್ತದೆ. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ ಮಾತಿಗೆ ನಿಂತರು. ಅವರು ಕೇರಳದವರು. ಆ ಕಾರಿನ ಮೇಲಿನ ಶಿಲುಬೆಗೂ ಅವರ ಸಂಬಳಕ್ಕೂ ಇರುವ ಸಂಬಂಧ ಬಹಳ ದೂರದ್ದು. ದುಡ್ಡು ಬರುವುದು ಆರೋಗ್ಯ ವಿಮೆಯಿಂದ, 1995ರಲ್ಲಿ ಶುರುವಾದ ಶುಶ್ರೂಷಾ ವಿಮೆಯಿಂದ. ಅಂದರೆ ದುಡಿಯುವ ಎಲ್ಲರ ಸಂಬಳದಿಂದ, ನನ್ನದರಿಂದಲೂ.

ಇದು ಇಲ್ಲಿನವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಚರ್ಚ್ ತೆರಿಗೆಯಿಂದಲೇ ಆಸ್ಪತ್ರೆ, ವೃದ್ಧಾಶ್ರಮ ನಡೆಯುತ್ತವೆ ಅಂದುಕೊಂಡಿರುತ್ತಾರೆ. ಆ ತೆರಿಗೆ ಬಹುಪಾಲು ಪಾದ್ರಿಗಳ ಸಂಬಳಕ್ಕೆ, ಚರ್ಚಿನ ದಿನನಿತ್ಯದ ಕೆಲಸಕ್ಕೆ ಹೋಗುತ್ತದೆ. ಆಸ್ಪತ್ರೆ ನಡೆಯುವುದು ವಿಮೆ ಮತ್ತು ಸರ್ಕಾರದ ಹಣದಿಂದ. ಶಿಶುವಿಹಾರಗಳಲ್ಲಿ ಹೆಚ್ಚಿನ ಖರ್ಚು ಊರಿನ ಪಾಲಿಕೆ ಮತ್ತು ರಾಜ್ಯದ್ದು. ಚರ್ಚು ಕಟ್ಟಡ ಕೊಡುತ್ತದೆ, ಒಂದು ಸಣ್ಣ ಪಾಲು ಹಾಕುತ್ತದೆ, ಆಡಳಿತ ನೋಡಿಕೊಳ್ಳುತ್ತದೆ. ಬೋರ್ಡು ಮಾತ್ರ ಅದರದ್ದು. ಕ್ಯಾಥೊಲಿಕ್ ಕಡೆಯ ಕರಿತಾಸ್ ಮತ್ತು ಈ ಡಿಯಾಕೊನಿ ಎರಡರಲ್ಲೂ ಸೇರಿ ಕೆಲಸ ಮಾಡುವವರು 12 ಲಕ್ಷಕ್ಕೂ ಜಾಸ್ತಿ. ದೇಶದ ಶಿಶುವಿಹಾರಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಚರ್ಚುಗಳ ಕೈಯಲ್ಲಿದೆ.

ಈ ಪದ್ಧತಿ ಇವತ್ತಿನದಲ್ಲ. ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಅನ್ನುವ ಪ್ರೊಟೆಸ್ಟೆಂಟ್ ದೇವತಾಶಾಸ್ತ್ರಜ್ಞ ಬೀದಿ ಮಕ್ಕಳಿಗೆ ಮನೆ ತೆರೆದದ್ದು 1833ರಲ್ಲಿ. ಕ್ರಿಸ್‌ಮಸ್ ಹೊತ್ತಿಗೆ ಮನೆಮನೆಯಲ್ಲಿ ಕಾಣುವ ನಾಲ್ಕು ಮೇಣದಬತ್ತಿ ನಿಲ್ಲಿಸಿದ ಹಸಿರು ರೆಂಬೆಗಳ ಬಳೆಯ ಮೂಲವೂ ಅದೇ ಮನೆ. ಹಬ್ಬಕ್ಕೆ ಎಷ್ಟು ದಿನ ಅಂತ ಪೀಡಿಸುವ ಮಕ್ಕಳಿಗೆ ದಿನ ಎಣಿಸಲು ಅವನು ಮಾಡಿಕೊಟ್ಟದ್ದು. ಕರಿತಾಸ್ ಶುರುವಾದದ್ದು 1897ರಲ್ಲಿ. ಸರ್ಕಾರ ಕಲ್ಯಾಣ ಕಾರ್ಯಕ್ಕೆ ಕೈಹಾಕುವ ಹೊತ್ತಿಗೆ ಚರ್ಚು ಆಗಲೇ ಅಲ್ಲಿತ್ತು. 1961ರಲ್ಲಿ ಬಂದ ಕಾನೂನು, ಇಂಥ ಸಂಸ್ಥೆಗಳು ಮಾಡುತ್ತಿರುವ ಕಡೆ ಸರ್ಕಾರ ತಾನೇ ಹೊಸದು ಕಟ್ಟಬಾರದು, ಅವರಿಗೇ ನೆರವು ಕೊಡಬೇಕು ಅಂದಿತು. ಕೆಲವು ನಗರಗಳು, ರಾಜ್ಯಗಳು ಸಿಟ್ಟಾಗಿ ಸಂವಿಧಾನ ನ್ಯಾಯಾಲಯಕ್ಕೆ ಹೋದವು. 1967ರಲ್ಲಿ ತೀರ್ಪು ಬಂತು. ಕಾನೂನು ಸರಿ, ಆದರೆ ಒಟ್ಟು ಹೊಣೆ ಸರ್ಕಾರದ್ದೇ.

ಒಟ್ಟು ಹೊಣೆ ಸರ್ಕಾರದ್ದು ಅನ್ನುವ ಈ ಮಾತೇ ನನಗೆ ಇಲ್ಲಿ ಮುಖ್ಯ. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಸಿಗಬೇಕು ಅನ್ನುವುದು 2013ರಿಂದ ಕಾನೂನಿನ ಹಕ್ಕು. ಸಿಗದಿದ್ದರೆ ತಂದೆತಾಯಿ ಕೇಸು ಹಾಕುವುದು ಪಾಲಿಕೆ ಮೇಲೆ, ಚರ್ಚಿನ ಮೇಲೆ ಅಲ್ಲ. ಯಾರ ಶಿಶುವಿಹಾರ ಬೇಕು ಅಂತ ಆರಿಸುವ ಹಕ್ಕೂ ಬರವಣಿಗೆಯಲ್ಲಿದೆ. ನನ್ನ ಮಗಳು ಹೋದದ್ದು ಚರ್ಚಿನದಕ್ಕೆ, ಯಾಕಂದರೆ ಅದು ಮನೆಗೆ ಹತ್ತಿರ. ಊಟಕ್ಕೆ ಮೊದಲು ಕೈ ಕೈ ಹಿಡಿದು ಒಂದು ಹಾಡು ಹೇಳುತ್ತಿದ್ದರು. ನವೆಂಬರ್ 11ಕ್ಕೆ ಸಂತ ಮಾರ್ಟಿನ್ ಹಬ್ಬ, ಕೈಯಲ್ಲಿ ಕಾಗದದ ಲಾಟೀನು. ಅವಳ ತಟ್ಟೆಗೆ ಮಾಂಸ ಹಾಕಬಾರದು ಅಂತ ಸೇರಿಸಿಕೊಳ್ಳುವಾಗಲೇ ಬರೆದುಕೊಂಡರು. ನಮಗೆ ಇಷ್ಟವಾಗದಿದ್ದರೆ ಎರಡು ಬೀದಿ ಆಚೆ ಪಾಲಿಕೆಯದ್ದೇ ಒಂದಿತ್ತು. ಆ ಇನ್ನೊಂದು ಬಾಗಿಲು ಇತ್ತಲ್ಲ, ಅದರಿಂದಾಗಿಯೇ ಪ್ರಾರ್ಥನೆ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಆ ಬಾಗಿಲು ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೂ ಜರ್ಮನಿಯಲ್ಲೇ ಉದಾಹರಣೆಗಳಿವೆ. ಎರಡನೇ ಮಹಾಯುದ್ಧದ ನಂತರ, 1949ರಿಂದ 1975ರವರೆಗೆ, ಪಶ್ಚಿಮ ಜರ್ಮನಿಯ ಮಕ್ಕಳ ಮನೆಗಳಲ್ಲಿ ಏಳೆಂಟು ಲಕ್ಷ ಮಕ್ಕಳು ಬೆಳೆದರು. ಬಹಳಷ್ಟು ಮನೆಗಳು ಚರ್ಚುಗಳದ್ದು. ಕಳಿಸಿದ್ದು ಸರ್ಕಾರದ ಇಲಾಖೆ. ಹೊಡೆತ, ಕತ್ತಲ ಕೋಣೆ, ಕೂಲಿಯಿಲ್ಲದ ದುಡಿಮೆ, ಅದಕ್ಕಿಂತ ಕೆಟ್ಟದ್ದೂ. ಕಳಿಸಿದವರು ಹೋಗಿ ನೋಡಲಿಲ್ಲ. ಸನ್ಯಾಸಿನಿಯರು ನಡೆಸುವ ಜಾಗ ಅಲ್ವಾ, ಒಳ್ಳೆಯದೇ ಇರುತ್ತದೆ ಅಂದುಕೊಂಡರು. ಮಕ್ಕಳಿಗೆ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅವರು ಮುದುಕರಾದ ಮೇಲೆ, 2012ರಲ್ಲಿ, ಕೇಂದ್ರ, ರಾಜ್ಯಗಳು, ಚರ್ಚುಗಳು ತಲಾ ಮೂರನೇ ಒಂದು ಪಾಲು ಹಾಕಿ 12 ಕೋಟಿ ಯೂರೋ ನಿಧಿ ಮಾಡಿದವು. ತಪ್ಪಿನಲ್ಲಿ ಇದ್ದ ಪಾಲುದಾರಿಕೆ ಪರಿಹಾರದಲ್ಲೂ ಬಂತು, ತಡವಾಗಿ.

ಈಗಿನ ಜಗಳಗಳು ಬೇರೆ ಥರ. ರೈನ್ ನದಿ ದಂಡೆಯ ಕೊನಿಗ್ಸ್‌ವಿಂಟರ್‌ನಲ್ಲಿ 2012ರಲ್ಲಿ ಕ್ಯಾಥೊಲಿಕ್ ಶಿಶುವಿಹಾರದ ಮುಖ್ಯಸ್ಥೆ ಗಂಡನನ್ನು ಬಿಟ್ಟು ಬೇರೊಬ್ಬರ ಜೊತೆ ಇರತೊಡಗಿದರು. ಚರ್ಚು ಕೆಲಸದಿಂದ ತೆಗೆಯಿತು. ಮಕ್ಕಳ ತಂದೆತಾಯಂದಿರು ಎದ್ದು ನಿಂತರು, ದುಡ್ಡು ನಮ್ಮದು, ಶಿಕ್ಷಕಿ ಒಳ್ಳೆಯವರು, ಅವರ ಮಲಗುವ ಕೋಣೆಯ ವಿಷಯ ನಿಮಗ್ಯಾಕೆ ಅಂತ. ನಗರಸಭೆ ಚರ್ಚಿನ ಜೊತೆಗಿನ ಒಪ್ಪಂದವನ್ನೇ ರದ್ದು ಮಾಡಿತು. ಆಮೇಲೆ ಕೋರ್ಟುಗಳೂ ಬಿಗಿ ಮಾಡಿದವು. ಖಾಸಗಿ ಬದುಕಿನ ಕಾರಣಕ್ಕೆ ಸಿಬ್ಬಂದಿಯನ್ನು ತೆಗೆಯುವ ನಿಯಮವನ್ನು ಕ್ಯಾಥೊಲಿಕ್ ಚರ್ಚು 2022ರಲ್ಲಿ ಬಿಟ್ಟುಕೊಟ್ಟಿತು.

ಇಲ್ಲಿ ಗರ್ಭಪಾತಕ್ಕೆ ಮೊದಲು ಮಾನ್ಯತೆ ಪಡೆದ ಕೇಂದ್ರದಲ್ಲಿ ಸಲಹೆ ಪಡೆದು ಚೀಟಿ ತರಬೇಕು. ಮೊದಲು ಕ್ಯಾಥೊಲಿಕ್ ಕೇಂದ್ರಗಳೂ ಆ ಚೀಟಿ ಕೊಡುತ್ತಿದ್ದವು. ಪೋಪ್ ಎರಡನೇ ಜಾನ್ ಪಾಲ್ ಕೊಡಬೇಡಿ ಅಂದರು, ಬಿಷಪ್ಪರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಆಗ ಕ್ಯಾಥೊಲಿಕ್ ಗೃಹಸ್ಥರೇ ಸೇರಿ 1999ರಲ್ಲಿ ಡೋನುಮ್ ವೀಟೆ ಅನ್ನುವ ಬೇರೆ ಸಂಸ್ಥೆ ಕಟ್ಟಿಕೊಂಡರು. ಹೆಣ್ಣುಮಕ್ಕಳಿಗೆ ತೊಂದರೆಯಾಗಲಿಲ್ಲ. ಪ್ರೊಟೆಸ್ಟೆಂಟರದ್ದು, ಕಾರ್ಮಿಕ ಸಂಘಟನೆಯದ್ದು, ಧರ್ಮಕ್ಕೆ ಸೇರದವರದ್ದು ಅಂತ ಬೇರೆ ಕೇಂದ್ರಗಳು ಊರೂರಲ್ಲಿ ಇದ್ದವು. ಆದರೆ ಆಸ್ಪತ್ರೆಗಳ ವಿಷಯ ಅಷ್ಟು ಸಲೀಸಲ್ಲ. ಲಿಪ್‌ಸ್ಟಾಟ್ ಊರಿನಲ್ಲಿ ಪ್ರೊಟೆಸ್ಟೆಂಟ್ ಆಸ್ಪತ್ರೆ ಕ್ಯಾಥೊಲಿಕ್ ಆಸ್ಪತ್ರೆಯ ಜೊತೆ ಸೇರಿಕೊಂಡಿತು. ಅದುವರೆಗೆ ಅಲ್ಲಿ ಆಗುತ್ತಿದ್ದ ಗರ್ಭಪಾತ ಇನ್ನು ಬೇಡ, ತಾಯಿಯ ಜೀವಕ್ಕೆ ಅಪಾಯವಿದ್ದರೆ ಬೇರೆ ಮಾತು ಅಂತ ಆದೇಶ ಬಂತು. ಸ್ತ್ರೀರೋಗ ವಿಭಾಗದ ಮುಖ್ಯಸ್ಥರು 2025ರಲ್ಲಿ ಕೋರ್ಟಿಗೆ ಹೋದರು. ಖರ್ಚು ಉಳಿಸುವ ಲೆಕ್ಕದಲ್ಲಿ ಎರಡು ಬಾಗಿಲು ಒಂದಾದರೆ ಹೀಗೇ.

ಇನ್ನು ಎಲ್ಲ ಧರ್ಮದವರಿಗೂ ಬಾಗಿಲು ಇದೆಯಾ ಅಂದರೆ ಅದೂ ಇಲ್ಲ. ಸರ್ಕಾರ ಕೂತು ಮಾತಾಡುವ ದೊಡ್ಡ ಕಲ್ಯಾಣ ಒಕ್ಕೂಟಗಳು ಆರು. ಕ್ಯಾಥೊಲಿಕರದ್ದು, ಪ್ರೊಟೆಸ್ಟೆಂಟರದ್ದು, ಯಹೂದಿಗಳದ್ದು ಇವೆ. 50 ಲಕ್ಷಕ್ಕೂ ಹೆಚ್ಚು ಮುಸ್ಲಿಮರಿದ್ದಾರೆ, ಅವರದ್ದಿಲ್ಲ. 60ರ ದಶಕದಲ್ಲಿ ಕಾರ್ಖಾನೆಗೆ ಬಂದ ಟರ್ಕಿಯವರು ಈಗ ಅಜ್ಜ ಅಜ್ಜಿಯರು. ಅವರ ವೃದ್ಧಾಶ್ರಮದಲ್ಲಿ ಅಡುಗೆ ಯಾರದ್ದು, ಭಾಷೆ ಯಾವುದು ಅನ್ನುವ ಪ್ರಶ್ನೆಗೆ ಉತ್ತರ ಅರ್ಧಂಬರ್ಧ. ಅತ್ತ ಚರ್ಚುಗಳೂ ಸೊರಗುತ್ತಿವೆ. ಎರಡೂ ದೊಡ್ಡ ಚರ್ಚುಗಳ ಸದಸ್ಯರು ಸೇರಿದರೂ 2022ರಲ್ಲಿ ಜನಸಂಖ್ಯೆಯ ಅರ್ಧಕ್ಕಿಂತ ಕೆಳಗೆ ಇಳಿದರು. ಆದರೂ ಕರಿತಾಸ್, ಡಿಯಾಕೊನಿ ಕುಗ್ಗಿಲ್ಲ. ದುಡ್ಡು ಎಲ್ಲಿಂದ ಬರುತ್ತದೆ ಅಂತ ಆಗಲೇ ಹೇಳಿದೆನಲ್ಲ.

ನಮ್ಮ ಕಡೆಗೆ ಬರೋಣ. ಈ ಪದ್ಧತಿ ನಮಗೇನೂ ಹೊಸದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧ ಕೊಡತೊಡಗಿದ ಫಾದರ್ ಮುಲ್ಲರ್ ಜರ್ಮನಿಯವರೇ. ಶಿಕ್ಷಣದ ಬಗ್ಗೆ ಬಂದ 1854ರ ವುಡ್ ವರದಿಯ ನಂತರ ಬ್ರಿಟಿಷ್ ಸರ್ಕಾರ ಮಿಷನ್ ಶಾಲೆಗಳಿಗೂ ಸ್ಥಳೀಯರ ಶಾಲೆಗಳಿಗೂ ಅನುದಾನ ಕೊಡತೊಡಗಿತು. ನಮ್ಮ ಅನುದಾನಿತ ಶಾಲೆಗಳ ಬೇರು ಅಲ್ಲಿದೆ. ಮೇಷ್ಟ್ರ ಸಂಬಳ ಸರ್ಕಾರದ್ದು, ಆಡಳಿತ ಮಂಡಳಿ ಮಠದ್ದೋ ಚರ್ಚಿನದ್ದೋ. ಜರ್ಮನಿಯವರು ಶಿಶುವಿಹಾರದಲ್ಲಿ ಮಾಡುವುದೂ ಇದನ್ನೇ.

ನಾನು ತುಮಕೂರಿನವನು. ಸಿದ್ಧಗಂಗೆಯ ಪಂಕ್ತಿಯಲ್ಲಿ ಕೂತು ಉಂಡವನಿಗೆ ಜರ್ಮನಿಯ ಫಾರ್ಮುಗಳ ಬಗ್ಗೆ ಪಾಠ ಮಾಡಲು ಸ್ವಲ್ಪ ಸಂಕೋಚವೇ ಆಗುತ್ತದೆ. ಅಲ್ಲಿ ಯಾರೂ ಯಾರು ನೀನು, ಯಾವ ಜಾತಿ ಅಂತ ಕೇಳುವುದಿಲ್ಲ. ಸಾವಿರಾರು ಮಕ್ಕಳು ಉಂಡು ಓದಿ ಹೋಗಿದ್ದಾರೆ. ಸ್ಟುಟ್‌ಗಾರ್ಟ್‌ನಲ್ಲಿ ಇದಕ್ಕೆ ಹತ್ತಿರ ಬರುವುದು ಲಿಯೊನಾರ್ಡ್ ಚರ್ಚು. 1995ರಿಂದ ಪ್ರತಿ ಚಳಿಗಾಲ ಸುಮಾರು ಏಳು ವಾರ ಆ ಚರ್ಚೇ ಊಟದ ಮನೆ. ಒಂದೆರಡು ಯೂರೋಗೆ ಬಿಸಿ ಊಟ, ಪಕ್ಕದಲ್ಲಿ ವೈದ್ಯರು, ಕ್ಷೌರ, ಬೀದಿಯಲ್ಲಿ ಮಲಗುವವರ ನಾಯಿಗಳಿಗೆ ಪಶುವೈದ್ಯರು ಕೂಡ. ನಡೆಯುವುದು ದಾನದಿಂದ, ಸ್ವಯಂಸೇವಕರಿಂದ. ಇಂಥದ್ದಕ್ಕೆ ಲೆಕ್ಕಪತ್ರದ ಷರತ್ತು ಹಾಕಬೇಕಾಗಿಯೂ ಇಲ್ಲ, ಅದು ಅವರ ದುಡ್ಡು.

ಸರ್ಕಾರದ ದುಡ್ಡು ಸೇರಿದಾಗ ಮಾತು ಬೇರೆ. ಬೆಂಗಳೂರಿನ ಇಸ್ಕಾನ್ ಜೊತೆ ನಂಟಿರುವ ಅಕ್ಷಯ ಪಾತ್ರ 2000ದಲ್ಲಿ ಶಾಲೆ ಮಕ್ಕಳಿಗೆ ಊಟ ಕೊಡಲು ಶುರು ಮಾಡಿತು, ಆಮೇಲೆ ಸರ್ಕಾರದ ಬಿಸಿಯೂಟಕ್ಕೂ ಕೈ ಸೇರಿಸಿತು. ಒಳ್ಳೆಯ ಕೆಲಸ, ದೊಡ್ಡ ಕೆಲಸ. ಆದರೆ ಸಾಂಬಾರಿಗೆ ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ. ಅವರ ಅಡುಗೆಮನೆಯಿಂದ ಊಟ ಬರುವ ಶಾಲೆಯ ಮಗುವಿಗೆ ಬೇರೆ ಅಡುಗೆಮನೆ ಇಲ್ಲ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಜಾಸ್ತಿ ಇರುವ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಸ್ವಾಮೀಜಿಗಳು ವಿರೋಧಿಸಿದರು. ಮೊಟ್ಟೆ ಬೇಡದ ಮಗುವಿಗೆ ಬಾಳೆಹಣ್ಣು ಇತ್ತು! ನಾನು ಕೇಳುತ್ತಿರುವ ಎರಡನೇ ಬಾಗಿಲು ಅಂದರೆ ಅದೇ. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂತ ಗದರಿದ ವಿಡಿಯೋ ನಮ್ಮ ಗುಂಪಿನಲ್ಲೂ ಓಡಾಡಿತು. ಹಕ್ಕು ಅಂದರೇನು ಅಂತ ನಮ್ಮ ಚರ್ಚೆಗಳಿಗಿಂತ ಅವಳೇ ಚೆನ್ನಾಗಿ ಹೇಳಿದಳು.

2008ರ ನಂತರ ಬಜೆಟ್ಟಿನಲ್ಲಿ ಮಠಗಳಿಗೆ ಕೋಟಿಗಟ್ಟಲೆ ಘೋಷಿಸುವ ಚಾಳಿ ಬೆಳೆಯಿತು. ಯಾವ ಮಠಕ್ಕೆ ಯಾಕೆ ಇಷ್ಟು ಅನ್ನುವುದಕ್ಕೆ ಜಾತಿ ಲೆಕ್ಕ ಬಿಟ್ಟರೆ ಬೇರೆ ಸೂತ್ರ ಕಾಣುವುದಿಲ್ಲ. ಆದರೆ ಖಾಸಗಿ ಅನುದಾನಿತ ವಿದ್ಯಾರ್ಥಿ ನಿಲಯಗಳಿಗೆ ಮಗುವೊಂದಕ್ಕೆ ತಿಂಗಳಿಗೆ ಇಷ್ಟು ಅಂತ ಊಟದ ಖರ್ಚು ಕೊಡುವ ಪದ್ಧತಿ ನಮ್ಮಲ್ಲೇ ಇದೆ. ಅದನ್ನೇ ಹಿಗ್ಗಿಸಿ. ಮಠದ ಹಾಸ್ಟೆಲ್ಲಿಗೂ, ಚರ್ಚಿನ ಬೋರ್ಡಿಂಗಿಗೂ, ಮದರಸಾದ ವಸತಿಗೂ ಒಂದೇ ದರ, ಒಂದೇ ತಪಾಸಣೆ. ಹತ್ತಿರದಲ್ಲೇ ಒಂದು ಸರ್ಕಾರಿ ಹಾಸ್ಟೆಲ್ಲೂ ಇರಲಿ. ಆಗ ಸ್ವಾಮೀಜಿಗಳು ಮುಖ್ಯಮಂತ್ರಿಯನ್ನು ಕಾಯಬೇಕಾಗಿಲ್ಲ. ಚುನಾವಣೆ ವರ್ಷ ಮುಖ್ಯಮಂತ್ರಿ ಮಠಕ್ಕೆ ಹೋದರೆ ಹಣ್ಣಿನ ಬುಟ್ಟಿ ಬಿಟ್ಟು ಕೊಡಲು ಬೇರೇನೂ ಇರುವುದಿಲ್ಲ. ಹಾಗಾಗಿಯೇ ಇರಬೇಕು, ಈ ಮಾತು ಎತ್ತುವವರು ಎರಡೂ ಕಡೆ ಯಾರೂ ಕಾಣುತ್ತಿಲ್ಲ.