43ನೇ ಪುಟದ ಪೆನ್ಸಿಲ್

ಮೊನ್ನೆ ಶನಿವಾರ ರಾತ್ರಿ ಹತ್ತೂವರೆ. ಪಾತ್ರೆ ತೊಳೆದು, ಕಾಳು ನೆನೆಹಾಕಿ, ಹಾಲಿಗೆ ಹೆಪ್ಪು ಹಾಕಿ, ಇನ್ನು ಯಾರೂ ನನ್ನನ್ನು ಕರೆಯುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಕಾದಂಬರಿ ಬಿಡಿಸಿದೆ. 43ನೇ ಪುಟ. ಕಥೆ ಆಗಷ್ಟೇ ಕಾವೇರುತ್ತಿತ್ತು. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ, ದುಂಡಗಿನ ಕನ್ನಡ ಅಕ್ಷರದಲ್ಲಿ ಯಾರೋ ಬರೆದಿದ್ದರು: 'ಡೈರಿ ನಂಬಬೇಡಿ!!!'

ಮೂರು ಆಶ್ಚರ್ಯಸೂಚಕ ಚಿಹ್ನೆ. ಕೊನೆಯದನ್ನು ಎಷ್ಟು ಒತ್ತಿ ಹಾಕಿದ್ದರೆಂದರೆ 45ನೇ ಪುಟದ ಮೇಲೂ ಅದರ ಅಚ್ಚು ಮೂಡಿತ್ತು.

ನೀವು ಆ ಪುಸ್ತಕ ಓದಿದ್ದರೆ ನನ್ನ ಹೊಟ್ಟೆಯುರಿ ಅರ್ಥವಾಗುತ್ತದೆ. ಗಿಲಿಯನ್ ಫ್ಲಿನ್ ಬರೆದ 'ಗಾನ್ ಗರ್ಲ್'. ಐದನೇ ಮದುವೆ ವಾರ್ಷಿಕೋತ್ಸವದ ದಿನ ಹೆಂಡತಿ ಏಮಿ ಮನೆಯಿಂದ ಕಾಣೆಯಾಗುತ್ತಾಳೆ. ಒಂದು ಅಧ್ಯಾಯ ಗಂಡ ನಿಕ್ ಹೇಳುವುದು, ಇನ್ನೊಂದು ಹೆಂಡತಿಯ ಹಳೇ ಡೈರಿ. ಅವನದೊಂದು, ಅವಳದೊಂದು, ಹೀಗೇ ಅರ್ಧ ಪುಸ್ತಕ ಹೋಗುತ್ತದೆ. ಆಮೇಲೆ ಕಾಲ ಕೆಳಗಿನ ಚಾಪೆ ಎಳೆದ ಹಾಗಾಗುತ್ತದಂತೆ. 'ಅಂತೆ' ಯಾಕೆ ಅಂದರೆ, ನನ್ನ ಚಾಪೆಯನ್ನು ಪೆನ್ಸಿಲ್ಲಿನವರು 43ನೇ ಪುಟದಲ್ಲೇ ಸುತ್ತಿ ಮೂಲೆಗಿಟ್ಟಿದ್ದರು.

ಈಗ ನಿಮಗೂ ಹೇಳಿಬಿಟ್ಟೆ ಅಲ್ವಾ. ಕ್ಷಮಿಸಿ. ಆದರೆ ಪುಸ್ತಕ ಬಂದದ್ದು 2012ರಲ್ಲಿ, ಸಿನಿಮಾ ಬಂದದ್ದು 2014ರಲ್ಲಿ. ಇಷ್ಟು ಹೊತ್ತಿಗೆ ನೀವು ಓದಬೇಕಿತ್ತು. ನಾನೂ ಓದಬೇಕಿತ್ತು ಬಿಡಿ. ಮಗಳ ಹತ್ತನೇ ಕ್ಲಾಸು, ಅತ್ತೆಯ ಮಂಡಿ ಆಪರೇಷನ್, ಅದೂ ಇದೂ ಅಂತ ಮುಂದಕ್ಕೆ ಹೋಯಿತು. ಇಷ್ಟೂ ವರ್ಷ ಆ ಪುಸ್ತಕದ ಮಾತು ಬಂದಲ್ಲೆಲ್ಲ ಕಿವಿ ಮುಚ್ಚಿಕೊಂಡು ಎದ್ದು ಹೋಗಿದ್ದೇನೆ. ಒಂದು ಸೀಮಂತದಲ್ಲಿ ಊಟದ ಎಲೆ ಬಿಟ್ಟು ಎದ್ದಿದ್ದೇನೆ. ಹೋಳಿಗೆ ಇನ್ನೂ ಬಡಿಸಿರಲಿಲ್ಲ.

ಪುಸ್ತಕ ತಂದದ್ದು ನಮ್ಮ ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಬಾಡಿಗೆ ಪುಸ್ತಕದಲ್ಲಿ ಬರೆಯುವ ಜನ ಹೊಸಬರೇನಲ್ಲ. ಚಿಕ್ಕವಳಿದ್ದಾಗ ಅಪ್ಪ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ವಾರಕ್ಕೆರಡರಂತೆ ತರುತ್ತಿದ್ದರು. ಮೊದಲ ಪುಟದಲ್ಲೇ ಯಾರೋ ಮಹಾನುಭಾವರು 'ಕೊಲೆ ಮಾಡಿದ್ದು ಮ್ಯಾನೇಜರ್' ಅಂತ ಬರೆದಿಟ್ಟಿರುತ್ತಿದ್ದರು. ಕೆಲವು ಪುಸ್ತಕಗಳಲ್ಲಿ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. ಅಪ್ಪ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಊಟಕ್ಕೆ ಕೂತಾಗ ತಾವೇ ಒಬ್ಬ ಕೊಲೆಗಾರನನ್ನು ಹಿಡಿದುಕೊಡುತ್ತಿದ್ದರು. ಹೆಚ್ಚಾಗಿ ಅವನ ವರ್ಣನೆ ನಮ್ಮ ಮನೆ ಮಾಲೀಕರನ್ನೇ ಹೋಲುತ್ತಿತ್ತು.

ನನಗೆ ಅಪ್ಪನ ತಾಳ್ಮೆ ಬಂದಿಲ್ಲ. ರಬ್ಬರ್ ಹುಡುಕಿ ಉಜ್ಜಿದೆ. ಅಕ್ಷರ ಹೋಯಿತು, ಮನಸ್ಸಿನಿಂದ ಹೋಗಬೇಕಲ್ಲ? ಅಲ್ಲಿಂದ ಮುಂದೆ ಡೈರಿಯ ಒಂದೊಂದು ಸಾಲನ್ನೂ ಬಟ್ಟೆ ಅಂಗಡಿಯಲ್ಲಿ ಸೀರೆಯ ಜರಿ ನೋಡುವ ಹಾಗೆ ನೋಡತೊಡಗಿದೆ. ಇದು ಅಸಲಿಯೋ, ಇಮಿಟೇಷನ್ನೋ?

ನಮ್ಮ ಕಡೆ ಡೈರಿ ಎಂದರೆ ಒಂದು ನಂಬಿಕೆ. ನಾನು ನೋಡಿದ ಸಿನಿಮಾಗಳಲ್ಲಂತೂ ಡೈರಿ ಸುಳ್ಳು ಹೇಳಿದ್ದಿಲ್ಲ. ನಾಯಕಿ ಸಾಯುವ ಮೊದಲು ದಿಂಬಿನ ಕೆಳಗೆ ಇಟ್ಟಿರುತ್ತಾಳೆ, ನಾಯಕ ಬಿಡಿಸುತ್ತಾನೆ, ಹಿನ್ನೆಲೆಯಲ್ಲಿ ಕೊಳಲು. ಆ ಲೇಖಕಿಗೆ ಇದು ಚೆನ್ನಾಗಿ ಗೊತ್ತು. ಹೆಂಗಸೊಬ್ಬಳು ರಾತ್ರಿ ಒಬ್ಬಳೇ ಕೂತು ತನಗೇ ಅಂತ ಬರೆದುಕೊಂಡದ್ದು ಸುಳ್ಳಿರಲಿಕ್ಕಿಲ್ಲ ಅಂತ ನಾವು ಮೊದಲೇ ತೀರ್ಮಾನ ಮಾಡಿರುತ್ತೇವೆ. ಆ ತೀರ್ಮಾನವನ್ನೇ ಬಂಡವಾಳ ಮಾಡಿಕೊಂಡು ಇಡೀ ಕಥೆ ಕಟ್ಟಿದ್ದಾಳೆ.

ಸಿಟ್ಟಿನಲ್ಲಿ ಪುಸ್ತಕ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಯಾಕೆಂದರೆ 58ನೇ ಪುಟದಲ್ಲಿ ನೀಲಿ ಬಾಲ್‌ಪೆನ್ ಒಂದು ಪ್ರತ್ಯಕ್ಷವಾಯಿತು.

ಹೆಂಡತಿ ಕಾಣೆಯಾದ ಮೇಲೆ ನಿಕ್ ಪತ್ರಕರ್ತರ ಮುಂದೆ ಬರುತ್ತಾನೆ. ಬಂದವನು ಎಲ್ಲ ಬಿಟ್ಟು ಕ್ಯಾಮೆರಾ ಕಡೆ ನೋಡಿ ನಕ್ಕುಬಿಡುತ್ತಾನೆ. ಅಲ್ಲಿಗೆ ಊರಿಗೆ ಊರೇ ಇವನೇ ಅಪರಾಧಿ ಅನ್ನತೊಡಗುತ್ತದೆ. ಪಕ್ಕದಲ್ಲಿ ಪೆನ್ಸಿಲ್: 'ನಗ್ತಾನೆ ನೋಡಿ! ನಾಚಿಕೆ ಇಲ್ಲ!' ಅದರ ಕೆಳಗೆ ನೀಲಿ ಪೆನ್, ಓರೆ ಅಕ್ಷರ, ಸರ್ಕಾರಿ ಕಚೇರಿಯಲ್ಲಿ ಷರಾ ಬರೆಯುವ ಧಾಟಿ: 'ಗಾಬರಿಯಾದಾಗ ಗಂಡಸರಿಗೆ ನಗು ಬರುವುದು ಸಹಜ.' ಅದರ ಕೆಳಗೆ ಮತ್ತೆ ಪೆನ್ಸಿಲ್: 'ನಮ್ಮ ಮನೇಲಿ ಗಾಬರಿಯಾದಾಗ ಟಿವಿ ನೋಡ್ತಾರೆ.'

ಇದನ್ನು ಎರಡು ಸಲ ಓದಿದೆ. ಪೆನ್ಸಿಲ್ ಬರೆದ ಮೇಲೆ ಪೆನ್ ಉತ್ತರ ಕೊಟ್ಟಿದೆ. ಪೆನ್ನಿಗೆ ಪೆನ್ಸಿಲ್ ಮತ್ತೆ ಉತ್ತರ ಕೊಟ್ಟಿದೆ. ಅಂದರೆ ಈ ಪುಣ್ಯಾತ್ಗಿತ್ತಿ ವಾಪಸ್ ಕೊಟ್ಟ ಪುಸ್ತಕವನ್ನು ಎರಡನೇ ಸಲ, ಮತ್ತೆ ಬಾಡಿಗೆ ಕೊಟ್ಟು, ಕೇವಲ ಜಗಳ ಮುಂದುವರಿಸಲು ಮನೆಗೆ ತಂದಿದ್ದಾಳೆ! ನಾನು ತರಕಾರಿಯವನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವವಳು. ಇಂಥ ಛಲಕ್ಕೆ ತಲೆಬಾಗಲೇಬೇಕು.

ಅಲ್ಲಿಂದ ನನ್ನ ಓದು ಅಡ್ಡದಾರಿ ಹಿಡಿಯಿತು. ಕಥೆ ಮಧ್ಯದಲ್ಲಿ ನಡೆಯುತ್ತಿತ್ತು, ನಾನು ಅಂಚಿನಲ್ಲಿ ನಡೆಯುತ್ತಿದ್ದೆ. ನ್ಯೂಯಾರ್ಕಿನಲ್ಲಿ ಗಂಡ ಹೆಂಡತಿ ಇಬ್ಬರ ಕೆಲಸವೂ ಹೋಗುತ್ತದೆ, ಅವನ ತಾಯಿಗೆ ಕ್ಯಾನ್ಸರ್ ಅಂತ ಮಿಸೌರಿಯ ಸಣ್ಣ ಊರಿಗೆ ಬರುತ್ತಾರೆ, ಹೆಂಡತಿಯ ದುಡ್ಡಿನಲ್ಲಿ ಅವನು ತನ್ನ ಅವಳಿ ಸೋದರಿಯ ಜೊತೆ ಬಾರ್ ತೆರೆಯುತ್ತಾನೆ. ಪೆನ್ಸಿಲ್: 'ಅವಳ ದುಡ್ಡು!! ಅಡಿಗೆರೆ ಹಾಕಿಕೊಳ್ಳಿ.' ಪೆನ್: 'ಕುಟುಂಬದಲ್ಲಿ ನಿನ್ನದು ನನ್ನದು ಎಂಬುದಿಲ್ಲ.' ಪೆನ್ಸಿಲ್: 'ಹಾಗಾದ್ರೆ ನಿಮ್ಮ ಸೈಟು ಯಾರ ಹೆಸರಲ್ಲಿದೆ?' ಇದಕ್ಕೆ ಪೆನ್ ಉತ್ತರ ಕೊಟ್ಟಿಲ್ಲ. ಒಂದು ಚುಕ್ಕೆ ಮಾತ್ರ ಇದೆ. ಬರೆಯಲು ಹೋಗಿ ಬಿಟ್ಟದ್ದಿರಬೇಕು.

ಇಷ್ಟರಲ್ಲಿ ನಮ್ಮವರು ಮಗ್ಗುಲು ಬದಲಿಸಿ, "ಏನು ಒಬ್ಬಳೇ ನಗ್ತಿದ್ದೀಯ?" ಅಂದರು. ಕಥೆ ಹೇಳಿದೆ. ಹೆಂಡತಿ ಕಾಣೆಯಾದದ್ದು, ಪೊಲೀಸರು ಬಂದದ್ದು, ಅಡುಗೆಮನೆಯಲ್ಲಿ ರಕ್ತದ ಗುರುತು ಸಿಕ್ಕಿದ್ದು. ಎಲ್ಲ ಕೇಳಿಸಿಕೊಂಡು, "ಆ ಮನೆ ಸ್ವಂತದ್ದಾ?" ಅಂದರು. "ಅಲ್ಲ, ಬಾಡಿಗೆ." "ಹಂಗಾದ್ರೆ ಅಡ್ವಾನ್ಸ್ ವಾಪಸ್ ಬರಲ್ಲ," ಅಂದು ನಿದ್ದೆ ಹೋದರು.

ಕಥೆಯಲ್ಲಿ ಏಮಿ ಪ್ರತಿ ವಾರ್ಷಿಕೋತ್ಸವಕ್ಕೂ ಗಂಡನಿಗೆ ನಿಧಿ ಹುಡುಕುವ ಆಟ ಇಡುತ್ತಾಳೆ. ಒಂದೊಂದು ಸುಳಿವೂ ಅವರಿಬ್ಬರ ಹಳೇ ನೆನಪು. ಹಿಂದಿನ ವರ್ಷಗಳಲ್ಲಿ ಅವನಿಗೆ ಹೆಚ್ಚಿನವು ನೆನಪಿರುತ್ತಿರಲಿಲ್ಲ. ನನಗೂ ಯಾಕೋ ಚಪಲ ಹತ್ತಿತು. ಭಾನುವಾರ ಬೆಳಿಗ್ಗೆ ಕಾಫಿಪುಡಿ ಡಬ್ಬಿಯ ಮೇಲೆ ಚೀಟಿ ಇಟ್ಟೆ: 'ಮೊದಲ ಸಲ ಜಗಳ ಆಡಿದ್ದು ಎಲ್ಲಿ? ಅಲ್ಲಿ ಏನು ತಿಂದೆವು? ಅದನ್ನು ತನ್ನಿ.' ಉತ್ತರ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡು, ಸೌತೆಕಾಯಿ. ಕಷ್ಟದ್ದೇನಲ್ಲ. ಅರ್ಧ ಗಂಟೆ ಬಿಟ್ಟು ಫೋನ್ ಬಂತು, ಅಂಗಡಿಯಿಂದ. "ಏನೇ ಇದು ಚೀಟಿ, ಅಂಗಡಿಯವನಿಗೂ ಅರ್ಥ ಆಗ್ತಿಲ್ಲ ಅಂತಾನೆ. ತೊಗರಿಬೇಳೆ ಅರ್ಧ ಕೇಜಿನಾ, ಒಂದು ಕೇಜಿನಾ?" ಹಿಂದೆ ನಾಲ್ಕೈದು ಜನ ನಗುವುದು ಕೇಳಿಸಿತು. ನಮ್ಮ ಮೊದಲ ಜಗಳದ ಚೀಟಿ ಅಷ್ಟೂ ಗಿರಾಕಿಗಳ ಕೈ ದಾಟಿತ್ತು. ಒಂದು ಕೇಜಿ ಅಂದೆ.

ಈ ಪುಸ್ತಕದ ಬಗ್ಗೆ ಜನ ಎರಡು ಪಕ್ಷವಾಗುವುದು ನಮ್ಮ ಅಂಚಿನಲ್ಲಿ ಮಾತ್ರವಲ್ಲ. ಏಮಿ ಹೆಣ್ಣುಕುಲಕ್ಕೇ ಕಳಂಕ ಎಂದವರಿದ್ದಾರೆ, ಕೊನೆಗೂ ಒಬ್ಬಳು ಒಳ್ಳೆಯವಳಲ್ಲದ ನಾಯಕಿ ಸಿಕ್ಕಳು ಎಂದು ಖುಷಿಪಟ್ಟವರೂ ಇದ್ದಾರೆ. ಕೊನೆಯ ಪುಟಗಳ ಮೇಲಂತೂ ಇವತ್ತಿಗೂ ಜಗಳ. ಚಿತ್ರಕಥೆಯನ್ನೂ ಲೇಖಕಿಯೇ ಬರೆದಳು. ಕೊನೆಯನ್ನು ಪೂರ್ತಿ ಬದಲಾಯಿಸಿದ್ದಾಳಂತೆ ಅಂತ ಬಿಡುಗಡೆಗೆ ಮೊದಲು ಸುದ್ದಿ ಹಬ್ಬಿತ್ತು. ಹೋಗಿ ನೋಡಿದವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅದೇ ಕೊನೆಯಂತೆ. ನಮ್ಮ ನೀಲಿ ಪೆನ್ ಕೊನೆಯ ಪುಟದಲ್ಲಿ ಸಿಟ್ಟು ತಡೆಯಲಾರದೆ 'ಶಿಕ್ಷೆ ಎಲ್ಲಿ? ನ್ಯಾಯ ಎಲ್ಲಿ? ಹಣ ದಂಡ!' ಎಂದು ಬರೆದಿತ್ತು, ಸಹಿ ಹಾಕುವುದೊಂದು ಬಾಕಿ. ಪೆನ್ಸಿಲ್ ಅಲ್ಲಿ ಸಣ್ಣಗೆ, 'ಇಬ್ಬರೂ ಒಂದೇ ಮನೇಲಿ ಇರ್ತಾರಲ್ಲ, ಅದೇ ಶಿಕ್ಷೆ' ಎಂದಿತ್ತು. ಒಪ್ಪಿದೆ. 43ನೇ ಪುಟದ ಪಾಪದಲ್ಲಿ ಅರ್ಧ ಮನ್ನಾ ಮಾಡಿದೆ.

ಇನ್ನರ್ಧ ಮನ್ನಾ ಆದದ್ದು ಬೇರೆ ಕಡೆ. ಪುಸ್ತಕದ ಮಧ್ಯದಲ್ಲಿ ಏಮಿ ಒಂದು ದೊಡ್ಡ ಆರೋಪಪಟ್ಟಿ ಓದುತ್ತಾಳೆ. ಗಂಡಸು ಮೆಚ್ಚಲಿ ಅಂತ ಹೆಂಗಸರು ಅವನಿಗೆ ಇಷ್ಟವಾದ ಆಟ, ಅವನ ಬಿಯರು, ಅವನ ಜೋಕು ಎಲ್ಲವೂ ತಮಗೂ ಇಷ್ಟ ಅನ್ನುತ್ತಾರೆ, ಸಿಟ್ಟೇ ಬಾರದವರ ಹಾಗೆ ಇರುತ್ತಾರೆ, ಎಲ್ಲ ನಟನೆ ಅಂತ. ಈ ಪುಸ್ತಕದಲ್ಲಿ ಜನ ಜಾಸ್ತಿ ಎತ್ತಿ ಹೇಳುವ ಭಾಗ ಇದೇ. ಇಲ್ಲಿ ಪೆನ್ಸಿಲ್ ಚೀರಾಡಿರುತ್ತದೆ, ಆರು ಆಶ್ಚರ್ಯಸೂಚಕ ಇರುತ್ತದೆ ಅಂದುಕೊಂಡೆ. ಒಂದೂ ಇರಲಿಲ್ಲ. ತೆಳ್ಳಗೆ, ಒತ್ತದೆ ಬರೆದಿತ್ತು: 'ನಾನೂ ಕ್ರಿಕೆಟ್ ಇಷ್ಟ ಅಂದಿದ್ದೆ. ಅವರು ಹೋದ ಮೇಲೂ ಸ್ಕೋರ್ ನೋಡ್ತೀನಿ.'

ಪೆನ್ ಅಲ್ಲಿ ಏನೂ ಷರಾ ಬರೆದಿರಲಿಲ್ಲ.

ಸ್ವಲ್ಪ ಹೊತ್ತು ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು. ಗಾಬರಿಯೇನಿಲ್ಲ, ಸುಮ್ನೆ ನೋಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಇವರಿಗೆ ಹಾಗಲಕಾಯಿ ಗೊಜ್ಜು ಪ್ರಾಣ ಅಂತ ಗೊತ್ತಾಗಿ, ನನಗೂ ತುಂಬಾ ಇಷ್ಟ ಅಂದಿದ್ದೆ. ಅತ್ತೆ ಖುಷಿಯಿಂದ ಇನ್ನೆರಡು ಚಮಚ ಬಡಿಸಿದ್ದರು. ಇಪ್ಪತ್ತೆರಡು ವರ್ಷವಾಯಿತು. ಪ್ರತಿ ಮಂಗಳವಾರ ಮಾಡುತ್ತೇನೆ, ತಿನ್ನುತ್ತೇನೆ. ಈಗ ಬಾಯಿ ಬಿಡುವ ಹಾಗೂ ಇಲ್ಲ.

ಮಗಳ ಡಬ್ಬಿಯಿಂದ ಒಂದು ಪೆನ್ಸಿಲ್ ತೆಗೆದುಕೊಂಡೆ.

ನಿನ್ನೆ ಪುಸ್ತಕ ವಾಪಸ್ ಕೊಡಲು ಹೋದೆ. ಲೈಬ್ರರಿಯ ಯಜಮಾನರು ಕನ್ನಡಕ ಏರಿಸಿ, ಎಂದೂ ಇಲ್ಲದವರು, ಒಂದೊಂದೇ ಹಾಳೆ ತಿರುವಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಮಧ್ಯದಲ್ಲಿ ಒಂದು ಕಡೆ ನಿಂತರು.

"ಏನಮ್ಮಾ, ಇದು ಹೊಸ ಅಕ್ಷರ."

"ಯಾವುದು?"

"'ಹಾಗಲಕಾಯಿ ಗೊಜ್ಜು, 22 ವರ್ಷ.'" ಜೋರಾಗಿ ಓದಿದರು. ಹಿಂದೆ ಇಬ್ಬರು ಹುಡುಗರು ನಿಂತಿದ್ದರು. "ಪುಸ್ತಕದಲ್ಲಿ ಬರೆದರೆ ಇಪ್ಪತ್ತು ರೂಪಾಯಿ ದಂಡ."

"ಅಲ್ಲ ಸ್ವಾಮಿ, ಪುಸ್ತಕದ ತುಂಬಾ ಬರೆದಿದ್ದಾರಲ್ಲ, ಅವರಿಗೆ?"

"ಅವರು ಮೊದಲೇ ಕಟ್ಟಿಟ್ಟಿರ್ತಾರೆ. ಅಡ್ವಾನ್ಸು."

ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟೆ. ಹೊಸ ಪತ್ತೇದಾರಿಗಳು ಬಂದಿವೆ, ಮುಟ್ಟಿದರೆ ಮಾಸುವಂತಿವೆ, ತಗೊಂಡು ಹೋಗಿ ಅಂದರು. ನಾನು ಹಳೇ ಕಪಾಟಿನ ಕಡೆ ಕೈ ತೋರಿಸಿ, ಆ ಪೆನ್ಸಿಲ್ಲಿನವರು ಓದಿದ್ದು ಇನ್ಯಾವುದಾದರೂ ಇದೆಯಾ ಅಂತ ಕೇಳಿದೆ.