ಅನ್ನನಾಳದ ಕೆಳಬಾಯಿ ನೋಡಲು ಅಲ್ಟ್ರಾಸೌಂಡ್ ಬೇಕೇ?

ಪರ

ಖಂಡಿತ ಬೇಕು. ಈಗ ಎಲ್ಲರೂ ನೆಚ್ಚಿಕೊಂಡಿರುವ ಮ್ಯಾನೋಮೆಟ್ರಿ ಒತ್ತಡ ಅಳೆಯುತ್ತದೆ, ಅಷ್ಟೇ. ಮೂಗಿನಿಂದ ತೆಳ್ಳನೆಯ ನಳಿಕೆ ಇಳಿಸುತ್ತಾರೆ. ಅನ್ನನಾಳ ಹೊಟ್ಟೆ ಸೇರುವ ಕಡೆ, ಅಂದರೆ ಕೆಳಬಾಯಿಯಲ್ಲಿ, ಇರುವ ಬಿಗಿ ಸ್ನಾಯು ನುಂಗಿದಾಗ ಎಷ್ಟು ಸಡಿಲವಾಯಿತು ಅಂತ ಅದು ಹೇಳುತ್ತದೆ. ಆದರೆ ಸಡಿಲವಾಗುವುದು ಬೇರೆ, ತೆರೆಯುವುದು ಬೇರೆ. ಒತ್ತಡ ಇಳಿದರೂ ದಾರಿ ಅಗಲವಾಗದೇ ಇರಬಹುದು. ತುತ್ತಿಗೆ ಬೇಕಾಗಿರುವುದು ದಾರಿ ಅಲ್ವಾ?

ನನ್ನ ಸೋದರತ್ತೆಗೆ ಆಗಿದ್ದು ಇದೇ. ಬಸವನಗುಡಿಯ ಅವರ ಮನೆಯಲ್ಲಿ ಮಧ್ಯಾಹ್ನ ಮುದ್ದೆಯಿಲ್ಲದೆ ಊಟವಿಲ್ಲ. ಅಂಥವರು ಅರ್ಧ ಊಟದಲ್ಲೇ ಎದ್ದು ನಿಲ್ಲತೊಡಗಿದರು. ಭುಜ ಹಿಂದಕ್ಕೆಳೆದು, ಒಂದು ಲೋಟ ನೀರು ಗಟಗಟ ಕುಡಿದು, ಎದೆ ನಡುವೆ ಅಂಗೈ ಒತ್ತಿ ಕಾಯುತ್ತಿದ್ದರು. ಇಳಿದರೆ ಮುಂದಿನ ತುತ್ತು. ಇಲ್ಲದಿದ್ದರೆ ಬಚ್ಚಲಿಗೆ ಓಡುವುದು. ಹತ್ತಿರದ ಕ್ಲಿನಿಕ್‌ನಲ್ಲಿ ‘ಗ್ಯಾಸ್ಟ್ರಿಕ್’ ಅಂತ ಮಾತ್ರೆ ಕೊಟ್ಟರು. ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಮ್ಯಾನೋಮೆಟ್ರಿಯಲ್ಲೂ ಸಡಿಲವಾಗುವ ಅಂಕಿ ನಾರ್ಮಲ್ ಮಿತಿಯೊಳಗೇ ಬಂತು. ‘ಟೆನ್ಶನ್ ಕಡಿಮೆ ಮಾಡ್ಕೊಳ್ಳಿ’ ಅಂತ ಕಳಿಸಿಬಿಟ್ಟರು. ಅತ್ತೆ ಸೊರಗುತ್ತಲೇ ಹೋದರು. ರವಿಕೆಗಳನ್ನೆಲ್ಲ ಒಳಗೆ ಹಿಡಿಸಿಕೊಂಡರು. ಕೊನೆಗೆ ಬೇರೆ ಆಸ್ಪತ್ರೆಯಲ್ಲಿ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಐದು ನಿಮಿಷ ಕಳೆದರೂ ಕುಡಿದದ್ದು ಅನ್ನನಾಳದಲ್ಲೇ ನಿಂತಿತ್ತು. ಅಕಲೇಸಿಯಾ, ಅಂದರೆ ನುಂಗಿದಾಗ ಕೆಳಬಾಯಿ ಸರಿಯಾಗಿ ತೆರೆಯದ ಕಾಯಿಲೆ. ‘ನಾನು ಸುಮ್ನೆ ಹೇಳ್ತಿರಲಿಲ್ಲ ಕಣೋ’ ಅಂದರು ಅತ್ತೆ. ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ನಾನು ಹೇಳುತ್ತಿರುವುದು ಹೊಟ್ಟೆ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗ್ ಅಲ್ಲ. ನಳಿಕೆಯಲ್ಲೇ ಪುಟ್ಟ ಪ್ರೋಬ್ ಕೂರಿಸಿ, ಸುಮಾರು 20 ಮೆಗಾಹರ್ಟ್ಸ್ ಶಬ್ದತರಂಗದಿಂದ ಒಳಗಿನಿಂದಲೇ ನೋಡುವುದು. ಗೋಡೆ ಪದರ ಪದರವಾಗಿ ಕಾಣುತ್ತದೆ: ಸುತ್ತ ಬಳಸಿದ ಸ್ನಾಯು, ಅದರ ಹೊರಗೆ ಉದ್ದಕ್ಕೆ ಹರಿದ ಸ್ನಾಯು. ಉದ್ದ ಸ್ನಾಯು ಕುಗ್ಗಿದರೆ ಗೋಡೆ ದಪ್ಪವಾಗುತ್ತದೆ. ಮ್ಯಾನೋಮೆಟ್ರಿಗೆ ಇದು ನೇರವಾಗಿ ಕಾಣುವುದೇ ಇಲ್ಲ! ನುಂಗದಿದ್ದರೂ ಕೆಳಬಾಯಿ ಆಗಾಗ ತಾನಾಗಿ ಸಡಿಲವಾಗುತ್ತದೆ. ತೇಗು, ಹುಳಿ ಮೇಲೆ ಬರುವುದು ಆಗಲೇ. ಆ ಹೊತ್ತಲ್ಲಿ ಉದ್ದ ಸ್ನಾಯು ಬಲವಾಗಿ ಕುಗ್ಗುತ್ತದೆ ಅಂತ ಅಮೆರಿಕದ ಸ್ಯಾನ್ ಡಿಯಾಗೋದ ವೈದ್ಯ-ಸಂಶೋಧಕ ರವೀಂದರ್ ಮಿತ್ತಲ್ ಅವರ ತಂಡ ತೋರಿಸಿದ್ದು ಈ ವಿಧಾನದಿಂದಲೇ. ಅಕಲೇಸಿಯಾದಲ್ಲಿ ಸ್ನಾಯು ದಪ್ಪಗಾಗಿರುವುದೂ ಇದರಲ್ಲಿ ಅಳತೆಗೆ ಸಿಗುತ್ತದೆ. ಎಕ್ಸ್‌ರೇ ಹಾಗೆ ರೇಡಿಯೇಷನ್ ಇಲ್ಲ, ಜಾಸ್ತಿ ಹೊತ್ತು ನೋಡಬಹುದು. ಬರೀ ಒತ್ತಡದ ಅಂಕಿ ನೋಡಿ ರೋಗಿಯ ಮಾತು ತಳ್ಳಿಹಾಕುವುದು ನಿಲ್ಲಬೇಕು.

ವಿರೋಧ

ವಿರೋಧದ ಕಡೆ ಬರೆಯಲು ಕೇಳಿದ್ದಾರೆ, ಬರೆಯುತ್ತಿದ್ದೇನೆ. ಸಂಶೋಧನೆಗೆ ಈ ವಿಧಾನ ಬೇಡ ಅನ್ನುವ ಮನಸ್ಸು ನನಗೂ ಇಲ್ಲ. ಆದರೆ ಮೇಲಿನ ಬರಹ ಓದಿದರೆ ಮ್ಯಾನೋಮೆಟ್ರಿಯನ್ನೇ ಮೂಲೆಗೆ ಎಸೆಯಿರಿ ಅಂದಂತಿದೆ. ಅತ್ತೆಯವರ ಕಾಯಿಲೆ ಹಿಡಿದದ್ದು ಅಲ್ಟ್ರಾಸೌಂಡ್ ಅಲ್ಲ, ಬೇರಿಯಂ.

ಪ್ರೋಬ್ ನೋಡುವುದು ತಾನಿರುವ ಮಟ್ಟದ ಗೋಡೆಯನ್ನು ಮಾತ್ರ. ನುಂಗಿದಾಗ ಅನ್ನನಾಳ ಕುಗ್ಗಿ ಕೆಳಬಾಯಿ ಮೇಲಕ್ಕೆ ಸರಿಯುತ್ತದೆ. ಪ್ರೋಬ್ ಅಲ್ಲೇ ಇರುತ್ತದೆ. ಹಾಗಾಗಿ ಕೆಳಬಾಯಿ ತೆರೆಯುವ ಗಳಿಗೆಯಲ್ಲೇ ಪರದೆ ಮೇಲೆ ಕಾಣುವುದು ಯಾವ ಜಾಗ ಅಂತ ಹೇಳುವುದು ಕಷ್ಟ. ನುಂಗಿದ ಗಾಳಿ ಸೇರಿದರೆ ಚಿತ್ರ ಕೆಡುತ್ತದೆ. ಗೋಡೆಯ ಅಂಚು ಗುರುತಿಸುವವರು ಬದಲಾದರೆ ಅಳತೆಯೂ ಬದಲಾಗಬಹುದು.

ಅನ್ನನಾಳದ ಚಲನೆಯ ತೊಂದರೆಗಳನ್ನು ವಿಂಗಡಿಸುವ ಚಿಕಾಗೋ ವರ್ಗೀಕರಣದ 2021ರ ನಾಲ್ಕನೇ ಆವೃತ್ತಿ ನಿಂತಿರುವುದು ಮ್ಯಾನೋಮೆಟ್ರಿ ಮೇಲೆಯೇ. ಸಂಶಯ ಬಂದರೆ ಬೇರಿಯಂ ಇದೆ. ಇಲ್ಲವೇ ಒಳಗೆ ಬಲೂನ್ ಉಬ್ಬಿಸಿ ಕೆಳಬಾಯಿ ಎಷ್ಟು ಹಿಗ್ಗುತ್ತದೆ ಅಂತ ಅಳೆಯುವ ಫ್ಲಿಪ್ ಪರೀಕ್ಷೆ ಇದೆ. ಮಂಡ್ಯ, ತುಮಕೂರಿನಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಬರುವವರು ಖಾಲಿ ಹೊಟ್ಟೆಯಲ್ಲಿ ಕಾದು ಕೂತಿರುತ್ತಾರೆ. ಅವರ ಮೂಗಿಗೆ ಇನ್ನೊಂದು ನಳಿಕೆ, ಕೈಗೆ ಇನ್ನೊಂದು ಬಿಲ್ಲು ಕೊಡುವ ಮುಂಚೆ ಅದರಿಂದ ಚಿಕಿತ್ಸೆ ಏನಾದರೂ ಬದಲಾಗುತ್ತದಾ ಅಂತ ಕೇಳಬೇಕು. ಬಲೂನಿನಿಂದ ಹಿಗ್ಗಿಸುವುದೋ, ಸ್ನಾಯು ಕೊಯ್ಯುವುದೋ ಅಂತ ತೀರ್ಮಾನಿಸಲು ಈಗಿರುವ ಪರೀಕ್ಷೆಗಳೇ ಸಾಕು.